ಕೊಯ್ಲಿನ ಯಂತ್ರ ಹುಟ್ಟಿದ ಹೊಲಮನೆ

ರಾಫೀನ್, ವರ್ಜೀನಿಯಾ

ಪ್ರೀತಿಯ ಅಣ್ಣನಿಗೆ,

ವಾಷಿಂಗ್ಟನ್ ಸುತ್ತಿದ ಕಥೆಯನ್ನೆಲ್ಲ ಅತ್ತಿಗೆಗೆ ಫೋನಿನಲ್ಲೇ ಹೇಳಿದ್ದೇನೆ. ಈ ಕಾಗದ ನಿನಗೆ. ಶೆನಂಡೋವಾ ಕಣಿವೆಯಲ್ಲಿ ಮೆಕ್‌ಕಾರ್ಮಿಕ್ ಮನೆತನದ ಹಳೆಯ ಹೊಲಮನೆಗೆ ಬಂದಿದ್ದೇನೆ. 1831ರಲ್ಲಿ ಸೈರಸ್ ಮೆಕ್‌ಕಾರ್ಮಿಕ್ ಎಂಬ 22ರ ಹುಡುಗ ಕುದುರೆ ಎಳೆಯುವ ಕೊಯ್ಲಿನ ಯಂತ್ರ ಕಟ್ಟಿದ್ದು ಇಲ್ಲೇ.

ಇಟ್ಟಿಗೆಯ ದೊಡ್ಡ ಮನೆ ಚೆನ್ನಾಗಿದೆ, ಇರಲಿ. ನನ್ನ ಕಾಲು ಎಳೆದದ್ದು ಮರದ ದಿಮ್ಮಿಯ ಕುಲುಮೆ ಮತ್ತು ನೀರಿನ ಚಕ್ರದ ಹಿಟ್ಟಿನ ಗಿರಣಿಯ ಕಡೆಗೆ. ಕೊಯ್ಲಿನ ಯಂತ್ರದ ಮಾದರಿಗಳನ್ನು ಇಲ್ಲಿ ಇಟ್ಟಿದ್ದಾರೆ. ಕುದುರೆ ನಡೆದಂತೆ ನೆಲದ ಗಾಲಿ ತಿರುಗುತ್ತದೆ. ಅದರ ಹಲ್ಲುಗಳು ಒಂದು ಅಲಗನ್ನು ಅತ್ತಿತ್ತ ಓಡಿಸುತ್ತವೆ. ಮೇಲಿನ ರಾಟೆ ಪೈರನ್ನು ಅಲಗಿಗೆ ಬಾಗಿಸುತ್ತದೆ, ಮುಂದಿನ ಕಬ್ಬಿಣದ ಬೆರಳುಗಳು ದಂಟು ಸರಿಯದಂತೆ ಹಿಡಿಯುತ್ತವೆ. ಕೊಯ್ದದ್ದು ಹಲಗೆಯ ಮೇಲೆ ಬೀಳುತ್ತದೆ, ಅದನ್ನು ಒಬ್ಬ ಕೆಳಗೆಳೆಯಬೇಕು. ಸಿವುಡು ಕಟ್ಟುವುದು, ಒಕ್ಕುವುದು ಎಲ್ಲ ಆಳುಗಳದೇ. ಅಷ್ಟಕ್ಕೇ ಕುಡುಗೋಲಿನ ಕಾಲ ಮುಗಿಯತೊಡಗಿತು!

ಆದರೆ ಒಬ್ಬನ ಕೈಕೆಲಸವಲ್ಲ ಇದು. ಸೈರಸ್‌ನ ಅಪ್ಪ ರಾಬರ್ಟ್ ವರ್ಷಗಟ್ಟಲೆ ಇದಕ್ಕಾಗಿ ಹೆಣಗಿ ಕೈಬಿಟ್ಟಿದ್ದ. ಮಗನ ಜೊತೆ ನಿಂತು ಕಟ್ಟಿದವನು ಜೋ ಆಂಡರ್ಸನ್, ಆ ಮನೆಯವರ ಗುಲಾಮ. 1834ರ ಪೇಟೆಂಟ್ ಮಾತ್ರ ಸೈರಸ್‌ನ ಹೆಸರಿಗೆ. ಹೊಲಮನೆಯಲ್ಲಿ ಗುಲಾಮರ ಬಿಡಾರವೂ ಉಳಿದಿದೆ. ದೊಡ್ಡ ಮನೆಯನ್ನಷ್ಟೇ ಉಳಿಸಿ ಬಿಡಾರವನ್ನು ಕೆಡವಿದ್ದರೆ ಕಥೆಯ ಅರ್ಧ ಮಣ್ಣುಪಾಲಾಗುತ್ತಿತ್ತು.

ಸೈರಸ್ 1847ರಲ್ಲಿ ಷಿಕಾಗೋಗೆ ಹೋಗಿ ಕಾರ್ಖಾನೆ ಹಾಕಿದ. ಗೋಧಿಯ ಬಯಲುಗಳಿದ್ದದ್ದು ಆ ಕಡೆ, ಈ ಗುಡ್ಡದ ಇಳಿಜಾರಿನಲ್ಲಿ ಯಂತ್ರ ಎಷ್ಟು ಮಾರಾಟವಾದೀತು? 1954ರಲ್ಲಿ ಮನೆತನದವರು ಹೊಲಮನೆಯನ್ನು ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯಕ್ಕೆ ಕೊಟ್ಟರು. ಈಗ ಇದು ಕೃಷಿ ಸಂಶೋಧನಾ ಕೇಂದ್ರವೂ ಹೌದು. ಸುತ್ತಲಿನ ಹುಲ್ಲುಗಾವಲು ದನಕರುಗಳಿಗಾಗಿಯೇ ಇದೆ, ಬರಿಯ ನೋಟಕ್ಕಲ್ಲ. ಬೇಲಿ ಕಟ್ಟಿ ಬೀಗ ಹಾಕಿದ ಸ್ಮಾರಕಗಳಿಗಿಂತ ನನಗೆ ಇದು ಹಿಡಿಸಿತು. ದುಡಿಯುವ ಜನ ಓಡಾಡುವ ಕಡೆ ಸೂರು ಸೋರಿದರೆ ಯಾರಾದರೂ ನೋಡುತ್ತಾರೆ.

ಅಣ್ಣಾ, ಅಟ್ಟದ ಮೇಲಿನ ನಮ್ಮ ಕೂರಿಗೆಯನ್ನು ಗುಜರಿಯವನಿಗೆ ಕೊಡುವ ಮಾತಾಡಿದ್ದೆಯಲ್ಲ, ಸ್ವಲ್ಪ ತಡೆ. ಬೀಜ ಬಿಡುವ ಬಟ್ಟಲು, ಬಿದಿರಿನ ನಳಿಕೆ ಬೇರೆ ಬೇರೆಯಾಗಿದ್ದರೆ ಹುಡುಕಿ ಒಂದೆಡೆ ಕಟ್ಟಿಡು. ಗೆದ್ದಲು ಹತ್ತದಂತೆ ಅಡಿಗೆ ಕಲ್ಲು ಕೊಟ್ಟು ನಿಲ್ಲಿಸಿ ಅಗಸೆ ಎಣ್ಣೆ ಹಚ್ಚಿಸು. ಮುಖ್ಯವಾಗಿ, ಬಡಿಗೇರ ಅಜ್ಜನನ್ನು ಕರೆಸಿ ಅದನ್ನು ಮಾಡಿದವರಾರು, ಯಾವ ಮರ, ಯಾವ ಬೀಜಕ್ಕೆ ಎಷ್ಟು ಅಂತರ ಇಡುತ್ತಿದ್ದರು ಎಂದೆಲ್ಲ ಕೇಳಿ ಫೋನಿನಲ್ಲಿ ರೆಕಾರ್ಡ್ ಮಾಡಿಕೋ. ಅಜ್ಜನಿಗೆ ಕಿವಿ ಮಂದ, ಮೊಮ್ಮಗನೂ ಜೊತೆಗಿರಲಿ.

ಅವ್ವನಿಗೆ ನಮಸ್ಕಾರ ತಿಳಿಸು.

ಇತಿ ನಿನ್ನ ತಮ್ಮ