ಅಳೋದಾದ್ರೆ ಮಾರೋದ್ಯಾಕೆ?

1/7

ಮೊನ್ನೆ ನಮ್ಮ ಕ್ಲಾಸ್ ಗ್ರೂಪಿಗೆ ಒಂದು ರೀಲ್ ಬಂತು, ನೀವೂ ನೋಡಿರ್ತೀರ. ಅಮೆರಿಕದ ಯಾವುದೋ ಜಾತ್ರೆ. ಹನ್ನೆರಡು ಹದಿಮೂರು ವರ್ಷದ ಹುಡುಗಿ, ಕೈಯಲ್ಲಿ ಹಗ್ಗ, ಹಗ್ಗದ ತುದೀಲಿ ಕೆಂಪು ಮೈ ಬಿಳಿ ಮುಖದ ದಪ್ಪ ಹೋರಿ. ಮೈಕಲ್ಲಿ ಹರಾಜು ಕೂಗ್ತಾ ಇದ್ದಾರೆ, ಇವಳು ಅದರ ಕುತ್ತಿಗೆಗೆ ಮುಖ ಒತ್ತಿಕೊಂಡು ಅಳ್ತಾ ಇದ್ದಾಳೆ. ಕೆಳಗೆ ನಮ್ಮೋರೇ ಒಬ್ಬರು ಬರೆದಿದ್ರು: “ಅಳೋದಾದ್ರೆ ಮಾರೋದ್ಯಾಕೆ?” ಪಕ್ಕದಲ್ಲಿ ಮೂರು ನಗೋ ಇಮೋಜಿ. ನಾನೂ ಒಂದು ನಗು ಒತ್ತಿದೆ. ಒತ್ತಿದ ಮೇಲೆ ಬೇಜಾರಾಯ್ತು, ತೆಗೆದೆ.

ಆ ತಳಿ ಹೆರೆಫೋರ್ಡ್. ಇಂಗ್ಲೆಂಡಿನ ಹೆರೆಫೋರ್ಡ್‌ಶೈರ್‌ನದು. 1817ರಲ್ಲಿ ಹೆನ್ರಿ ಕ್ಲೇ ಅನ್ನೋ ರಾಜಕಾರಣಿ ಅಮೆರಿಕದ ಕೆಂಟಕಿಗೆ ತರಿಸಿಕೊಂಡರು. ಬೇರೆ ತಳಿ ಜೊತೆ ಕೂಡಿಸಿದ್ರೂ ಕರುಗೆ ಆ ಬಿಳಿ ಮುಖ ಬಂದೇ ಬರುತ್ತೆ. ಅಲ್ಲಿ ಫೋರ್-ಎಚ್ ಅಂತ ಮಕ್ಕಳ ಸಂಘಗಳಿವೆ. ಮಗು ಒಂದು ಕರು ತಗೊಂಡು, ಹಗ್ಗ ಹಿಡಿದು ನಡೆಯೋದು ಕಲಿಸಿ, ತೊಳೆದು ಬಾಚಿ, ಬ್ಲೋಯರ್ ಹಿಡಿದು ಕೂದಲು ಒಣಗಿಸಿ, ತೀರ್ಪುಗಾರರ ಮುಂದೆ ನಿಲ್ಲಿಸಿ, ಕೊನೆಗೆ ಹರಾಜಿಗೆ ಬಿಡುತ್ತೆ. ಹೆರೆಫೋರ್ಡ್ ಮಾಂಸದ ತಳಿ. ಹರಾಜಾದ ಮೇಲೆ ಅದು ಎಲ್ಲಿಗೆ ಹೋಗುತ್ತೆ ಅಂತ ಆ ಹುಡುಗಿಗೆ ಗೊತ್ತು. ಅಳು ಅದಕ್ಕೇ.

ನಮ್ಮ ಮನೆ ಕತೆ ಅಷ್ಟು ಕಠಿಣ ಅಲ್ಲ. ಆದ್ರೂ ಹಗ್ಗ ಕೈಯಿಂದ ಬಿಟ್ಟೋಗೋದು ನಂಗೊತ್ತು. ಅದಕ್ಕೇ ಬರೀತಿದ್ದೀನಿ. ಏಳು ಪೋಸ್ಟ್ ಆಗುತ್ತೆ, ಸಹಿಸಿಕೊಳ್ಳಿ.

2/7

ನಾವು ಸಾಕೋದು ಹಳ್ಳಿಕಾರ್. ಎರಡನೇ ಫೋಟೋದಲ್ಲಿ ಕಾಣ್ತಿರೋ ಬೂದು ಮೈ, ಉದ್ದ ಮುಖ, ನೆತ್ತಿಯಲ್ಲಿ ಹತ್ತತ್ರ ಹುಟ್ಟಿ ಹಿಂದಕ್ಕೆ ಹೋಗಿ ಮತ್ತೆ ಮುಂದಕ್ಕೆ ಬಾಗಿರೋ ಕೊಂಬು, ಅದೇ. ಮೈಸೂರು ಅರಸರ ಸೈನ್ಯದ ಸಾಮಾನು ಎಳೀತಿದ್ದ ಅಮೃತಮಹಲ್ ದನಗಳಿಗೂ ಮೂಲ ಇದೇ ಅಂತಾರೆ. 2000ದಲ್ಲಿ ಅಂಚೆ ಇಲಾಖೆ ಇದರ ಸ್ಟ್ಯಾಂಪ್ ಕೂಡ ತಂದಿದೆ. ಹಾಲು ಎಷ್ಟು ಕೊಡುತ್ತೆ ಅಂತ ಮಾತ್ರ ಕೇಳಬೇಡಿ. ಕರು ಕುಡಿದು ಮಿಕ್ಕಿದ್ರೆ ಟೀಗೆ ಆಗುತ್ತೆ ಅಷ್ಟೆ. ಇದು ಗೇಯೋಕೆ ಹುಟ್ಟಿರೋ ತಳಿ.

ನಮ್ಮ ಕಡೆ, ಮಾಗಡಿ ಸುತ್ತ, ಇದೊಂದು ಕಸುಬು. ಶಿವರಾತ್ರಿ ಟೈಮಲ್ಲಿ ಸಿದ್ಧಗಂಗೆ ಜಾತ್ರೆಗೋ ಯಾರದೋ ಹಟ್ಟಿಗೋ ಹೋಗಿ ವರ್ಷ ತುಂಬದ ಗಂಡುಕರು ತರೋದು, ಜೋಡಿ ಕೂಡಿಸೋದು, ಎರಡು ವರ್ಷ ಸಾಕೋದು, ಎರಡಲ್ಲು ಬಂದಾಗ ಜಾತ್ರೇಲಿ ಕಟ್ಟಿ ಮಾರೋದು. ತಗೊಂಡೋನು ನಾಕಲ್ಲು ಆರಲ್ಲಾಗೋವರೆಗೆ ಇಟ್ಟು ಇನ್ನೊಬ್ಬನಿಗೆ ಮಾರಬಹುದು, ಇಲ್ಲ ಉಳುಮೆಗೆ ಇಟ್ಕೋಬಹುದು. ಅಂದ್ರೆ ಕರು ಮನೆಗೆ ಬಂದ ದಿನಾನೇ ಅದು ಹೋಗೋ ದಿನ ಗೊತ್ತಿರುತ್ತೆ. “ಮಾರೋದ್ಯಾಕೆ” ಅಂತ ನಮ್ಮನೇಲಿ ಯಾರೂ ಕೇಳಲ್ಲ, ಬಸ್ ಕಂಡಕ್ಟರನ್ನ ಟಿಕೆಟ್ ಯಾಕೆ ಕೊಡ್ತೀಯ ಅಂತ ಕೇಳಿದಂಗೆ.

3/7

ಜೋಡಿ ಕೂಡಿಸೋದು ಅಂದ್ರೆ ಎರಡು ಕರು ತಂದು ಕಟ್ಟೋದಲ್ಲ. ಬಣ್ಣ ಒಂದೇ ಇರಬೇಕು, ಎತ್ತರ ಒಂದೇ, ಕೊಂಬಿನ ಬಾಗು ಒಂದೇ, ನಡಿಗೆಯೂ ಹೆಚ್ಚು ಕಮ್ಮಿ ಒಂದೇ. ಸುಳಿ ನೋಡ್ತಾರೆ, ಮೈಮೇಲೆ ಎಲ್ಲೆಲ್ಲಿ ಸುಳಿ ಇದ್ರೆ ಶುಭ, ಎಲ್ಲಿದ್ರೆ ಮನೆಗೆ ಆಗಲ್ಲ ಅಂತ. ನಂಗೆ ನಂಬಿಕೆ ಇಲ್ಲ. ಆದ್ರೆ ಕೊಳ್ಳೋನಿಗೆ ಇರುತ್ತೆ, ಹಾಗಾಗಿ ಅಪ್ಪನೂ ನೋಡ್ತಾರೆ.

ಒಂದು ಸಿದ್ಧಗಂಗೆಯಲ್ಲಿ ಸಿಕ್ತು. ಅದಕ್ಕೆ ಜೊತೆ ಹುಡುಕಿಕೊಂಡು ಅಪ್ಪ ಎರಡು ವಾರ ಬೈಕಲ್ಲಿ ಊರೂರು ತಿರುಗಿದ್ರು. ಮೊದಲು ಬಂದಿದ್ದು ದೊಡ್ಡ, ಆಮೇಲೆ ಬಂದಿದ್ದು ಚಿಕ್ಕ. ಹೆಸರು ಅಷ್ಟೇ. ಎರಡಕ್ಕೂ ಸೇರಿ 46,000.

ಬೆಳಿಗ್ಗೆ ರಾಗಿ ಹುಲ್ಲು, ಮಧ್ಯಾಹ್ನ ಹಸಿ ಜೋಳದ ಕಡ್ಡಿ, ಸಂಜೆ ಬೇಯಿಸಿದ ಹುರುಳಿ, ಬೂಸಾ, ಕಡಲೆಕಾಯಿ ಹಿಂಡಿ. ಹುರುಳಿ ಬೇಯೋ ವಾಸನೆ ಬಂದ್ರೆ ಚಿಕ್ಕ ಕೊಟ್ಟಿಗೇಲಿ ಕುಣಿಯೋಕೆ ಶುರು ಮಾಡೋನು. ಹುಲ್ಲು ಜೋಳ ನಮ್ಮ ಹೊಲದ್ದೇ ಆದ್ರೂ ಕೈಯಿಂದ ದಿನಕ್ಕೆ ನೂರು ರೂಪಾಯಿ ಹೋಗ್ತಿತ್ತು. ಮೂಗುದಾರ ಹಾಕಿಸಿದ ದಿನ ಇಬ್ಬರೂ ಯಾರ ಮುಖಾನೂ ನೋಡಲಿಲ್ಲ. ಆಮೇಲೆ ಗಾಡಿ ಕಲಿಸೋದು: ಎಡಗೋಲಿಗೆ ಯಾರು, ಬಲಗೋಲಿಗೆ ಯಾರು ಅಂತ ಅಪ್ಪ ನಿರ್ಧಾರ ಮಾಡೋಕೆ ಮುಂಚೆ ಅವೇ ಮಾಡ್ಕೊಂಡಿದ್ವು. ಚಿಕ್ಕ ಎಡಕ್ಕೇ ನಿಲ್ಲೋನು. ಬದಲಾಯಿಸಿದ್ರೆ ನೊಗ ಮುಟ್ಟಿಸ್ತಿರಲಿಲ್ಲ.

ನನ್ನ ಕೆಲಸ ಭಾನುವಾರ. ಹಾಸ್ಟೆಲಿಂದ ಬಂದು ಕೆರೆ ಹತ್ರ ತೊಳೆಯೋದು. ತೆಂಗಿನ ನಾರಲ್ಲಿ ಉಜ್ಜಿ ಉಜ್ಜಿ ಕೈ ಸಿಪ್ಪೆ ಏಳ್ತಿತ್ತು. ನೀವು ಲೈಕ್ ಮಾಡಿದ ಆ ವಿಡಿಯೋಗಳೆಲ್ಲ ಆಗಿನವೇ. ಅದರಲ್ಲಿ ನಾನು ನಗ್ತಿರ್ತೀನಿ. ಸೊಂಟ ನೋವು ವಿಡಿಯೋದಲ್ಲಿ ಬರಲ್ಲ.

4/7

ಮಳೆಗಾಲದಲ್ಲಿ ನಮ್ಮೂರಿಗೂ ಚರ್ಮಗಂಟು ಬಂತು. 2022ರಲ್ಲಿ ರಾಜ್ಯದ ಎಷ್ಟೋ ಕಡೆ ದನದ ಸಂತೆ, ಜಾತ್ರೆ ನಿಲ್ಲಿಸಿದ್ದರಲ್ಲ, ಅದೇ ರೋಗ. ಸೊಳ್ಳೆ, ಕಚ್ಚೋ ನೊಣ, ಉಣ್ಣೆಯಿಂದ ಹರಡುತ್ತೆ. ಮನುಷ್ಯರಿಗೆ ಬರಲ್ಲ. ಊರಿಗೆ ಲಸಿಕೆ ಹಾಕೋರು ಬಂದ ದಿನ ನಮ್ಮ ಜೋಡಿ ಹೊಲದಲ್ಲಿತ್ತು, ಹಿಡ್ಕೊಂಡು ಬರೋಕೆ ಸೋಮಾರಿತನ ಮಾಡಿದ್ವಿ. ಅದು ನಮ್ಮ ತಪ್ಪೇ.

ದೊಡ್ಡನಿಗೆ ಏನೂ ಆಗಲಿಲ್ಲ. ಚಿಕ್ಕನಿಗೆ ಜ್ವರ, ಮೈತುಂಬ ಗಂಟು, ಮುಂಗಾಲು ಊದಿ ಕಂಬ ಆಗಿತ್ತು. ಡಾಕ್ಟರು ಬಂದು ಇಂಜೆಕ್ಷನ್ ಕೊಟ್ರು. ಅಜ್ಜಿ ವೀಳ್ಯದೆಲೆ, ಮೆಣಸು, ಉಪ್ಪು ಬೆಲ್ಲದ ಜೊತೆ ಅರೆದು ಉಂಡೆ ಮಾಡಿ ಕೊಡೋರು, ನಾಲಿಗೆ ಮೇಲೆ ಸ್ವಲ್ಪ ಸ್ವಲ್ಪ ಸವರೋದು ನಂದು. ಬೇವು, ಅರಿಶಿನ ಹಾಕಿ ಕಾಸಿದ ಎಣ್ಣೆ ಗಾಯಕ್ಕೆ. ದೊಡ್ಡನ್ನ ಪಕ್ಕದ ಮನೆ ಶೆಡ್ಡಿಗೆ ಕಟ್ಟಿದ್ವಿ, ರಾತ್ರಿಯೆಲ್ಲ ಇಬ್ಬರೂ ಅಲ್ಲಿಂದಿಲ್ಲಿಗೆ ಕೂಗೋವು. ಹದಿನೆಂಟು ದಿನ. ಇಂಟರ್ನಲ್ಸ್ ಬಿಟ್ಟು ಬಂದಿದ್ದೆ, ಕೆಲವರಿಗೆ ಗೊತ್ತು. ನಿಮಗೆಲ್ಲ ಟೈಫಾಯ್ಡ್ ಅಂತ ಸುಳ್ಳು ಹೇಳಿದ್ದೆ, ಸಾರಿ.

ಹತ್ತೊಂಬತ್ತನೇ ದಿನ ಹುರುಳಿ ವಾಸನೆಗೆ ಕಿವಿ ನಿಗುರಿಸಿದ. ಕುಣಿಯಲಿಲ್ಲ, ಕಿವಿ ಮಾತ್ರ.

ಗಂಟೆಲ್ಲ ಇಳೀತು. ಗಂಗೆದೊಗಲ ಮೇಲೆ ಒಂದು ಗಂಟು ಮಾತ್ರ ಕಿತ್ತು ಬಿದ್ದು, ಅಂಗೈಯಗಲ ಗಾಯ ಆಗಿ, ಕೂದಲಿಲ್ಲದ ಕಲೆ ಉಳೀತು. ನೊಗ ಕಟ್ಟಿದಾಗ ಕೊರಳ ಜೊತ್ತಿಗೆ ಉಜ್ಜೋದು ಸರಿಯಾಗಿ ಅಲ್ಲೇ.

5/7

ಘಾಟಿ ಸುಬ್ರಹ್ಮಣ್ಯದ ದನದ ಜಾತ್ರೆ ನೋಡಿಲ್ಲ ಅಂದ್ರೆ ಒಂದು ಸಲ ಹೋಗಿ. ದೊಡ್ಡಬಳ್ಳಾಪುರದಿಂದ ಹತ್ತಿರ, ಪುಷ್ಯದ ರಥೋತ್ಸವಕ್ಕೆ ಮುಂಚೆ ಸೇರುತ್ತೆ. ರಾಸುಗಳ ಸಾಲು ಸಾಲು. ದುಡ್ಡಿರೋರು ಶಾಮಿಯಾನ ಹಾಕಿ, ಹೂವಿನ ಕಮಾನು ಕಟ್ಟಿ, ತಮಟೆ ವಾದ್ಯದಲ್ಲಿ ಜೋಡಿ ಮೆರವಣಿಗೆ ತರ್ತಾರೆ. ಲಕ್ಷಗಟ್ಟಲೆ ಬೆಲೆ ಹೇಳಿ ಮಾರದೇ ವಾಪಸ್ ಹೊಡ್ಕೊಂಡು ಹೋಗೋರೂ ಇದ್ದಾರೆ, ಅವರಿಗೆ ಮಾರೋದು ಮುಖ್ಯ ಅಲ್ಲ. ನಮ್ಮಂಥೋರು ಗೂಟ ಹೊಡೆದು, ಟಾರ್ಪಾಲು ಕಟ್ಟಿ, ಹುಲ್ಲಿನ ಪಕ್ಕ ಮಲಗೋದು. ಡಿಸೆಂಬರ್ ಚಳಿ. ರಾತ್ರಿ ಚಿಕ್ಕನ ಬೆನ್ನಿಗೆ ಒರಗಿ ಕೂತಿದ್ದೆ, ಅಷ್ಟು ಬೆಚ್ಚಗಿನ ಜಾಗ ಆ ಮೈದಾನದಲ್ಲಿ ಇನ್ನೊಂದಿರಲಿಲ್ಲ.

ಹೊರಡೋ ಹಿಂದಿನ ದಿನ ಕೊಂಬು ಹೆರೆಸಿ ಎಣ್ಣೆ ಹಚ್ಚಿದ್ವಿ. ಲಾಳ, ಕಳಸ, ಗೊಂಡೆ, ಗೆಜ್ಜೆ. ಅಪ್ಪ ಇಬ್ಬರಿಗೂ ಹೊಸದಾಗಿ ಅಗಲದ ಗೆಜ್ಜೆಪಟ್ಟಿ ತಂದಿದ್ರು. ಚಿಕ್ಕನಿಗೆ ಕಟ್ಟುವಾಗ ಒಂದು ತೂತು ಕೆಳಗೆ ಇಳಿಸಿ ಕಟ್ಟಿದ್ರು. ಕಲೆ ಕಾಣಲಿಲ್ಲ. ನಾನು ನೋಡಿದೆ. ನಾನು ನೋಡಿದ್ದನ್ನ ಅಪ್ಪ ನೋಡಿದ್ರು. ಯಾರೂ ಏನೂ ಅನ್ನಲಿಲ್ಲ.

6/7

ಎರಡನೇ ದಿನ ಬಳ್ಳಾರಿ ಕಡೆಯ ಒಬ್ಬ ರೈತರು ಬಂದ್ರು. ಘಾಟಿಗೆ ಆಂಧ್ರ, ತಮಿಳುನಾಡಿಂದಲೂ ಬರ್ತಾರೆ. ಇವರು ಶೋಕಿಗೆ ಬಂದೋರಲ್ಲ, ನೋಡಿದ್ರೇ ಗೊತ್ತಾಗ್ತಿತ್ತು. ಬಾಯಿ ಬಿಡಿಸಿ ಹಲ್ಲು ನೋಡಿದ್ರು, ಗೊರಸು ಎತ್ತಿಸಿದ್ರು, ನಡೆಸಿ ನೋಡಿದ್ರು, ಹೋದ್ರು, ಮತ್ತೆ ಬಂದ್ರು. ದಲ್ಲಾಳಿ ಬಂದು ಟವೆಲ್ ಹಾಸಿದ. ನೋಡಿಲ್ಲದೋರಿಗೆ: ಕೈ ಮೇಲೆ ಬಟ್ಟೆ ಮುಚ್ಚಿ ಒಳಗೆ ಬೆರಳು ಹಿಡೀತಾರೆ. ಎಷ್ಟು ಬೆರಳೋ ಅಷ್ಟು ಬೆಲೆ. ಸುತ್ತ ನಿಂತಿರೋರಿಗೆ ತಿಳಿಯಬಾರದು. ಅಪ್ಪನ ಮುಖದಲ್ಲಿ ಏನೂ ಇಲ್ಲ, ಆದ್ರೆ ಕಾಲು ಅಲ್ಲಾಡ್ತಿತ್ತು. ಆಮೇಲೆ ಗೊತ್ತಾಯ್ತು, ಅವಾಗ ನಿಂತಿದ್ದು 1,60,000ಕ್ಕೆ. ಅಡ್ವಾನ್ಸ್ ಕೊಡೋದೊಂದು ಬಾಕಿ. ಅಪ್ಪ ಎಲ್ಲರಿಗೂ ಟೀ ತರೋಕೆ ಹೋದ್ರು.

ಆ ಯಜಮಾನರು ಚಿಕ್ಕನ ಕೊರಳು ಸವರ್ತಾ ನನ್ನ ಕಡೆ ತಿರುಗಿ, ಸುಮ್ನೆ ಮಾತಿಗೆ ಕೇಳಿದ ಹಾಗೆ ಕೇಳಿದ್ರು: “ಯವ್ವಾ, ಇವಕ್ಕ ಗಂಟಿನ ಬ್ಯಾನಿ ಬಂದಿತ್ತೇನು?”

ಉತ್ತರ ರೆಡಿ ಮಾಡ್ಕೊಂಡಿರಲಿಲ್ಲ ನಾನು. “ಎಡಗೋಲಿಂದಕ್ಕೆ ಬಂದಿತ್ತು. ಹದಿನೆಂಟು ದಿನ” ಅಂದೆ. ಅವರು ಪಟ್ಟಿ ಮೇಲಕ್ಕೆ ಸರಿಸಿದ್ರು. ಕಲೆ ಮೇಲೆ ಹೆಬ್ಬೆರಳು ಒತ್ತಿ ನೋಡಿದ್ರು. ಚಿಕ್ಕ ಅಲ್ಲಾಡದೆ ನಿಂತಿದ್ದ, ನಾಯಿ ನಿಂತಂಗೆ.

ಅಪ್ಪ ಟೀ ಹಿಡ್ಕೊಂಡು ಬಂದಾಗ ಟವೆಲ್ ಮತ್ತೆ ಹಾಸಿತ್ತು. ಈ ಸಲ ತುಂಬ ಹೊತ್ತು ಹಿಡೀತು. 1,42,000.

ಲೆಕ್ಕ ಹೇಳ್ತೀನಿ, ಲಕ್ಷ ಅಂದ ತಕ್ಷಣ ನೀವು ಶ್ರೀಮಂತರು ಅಂದ್ಕೋತೀರ. ಕರು 46,000. ಇಪ್ಪತ್ತೆರಡು ತಿಂಗಳ ಹಿಂಡಿ ಬೂಸಾ ಹುರುಳಿ 66,000. ಲಾಳ, ಔಷಧಿ, ಟೆಂಪೋ, ಜಾತ್ರೆ ಖರ್ಚು 9,000. ಉಳಿದಿದ್ದು 21,000. ಅಪ್ಪನ ಕೂಲಿ, ಅಮ್ಮ ಬಾಚಿದ ಸಗಣಿ, ನನ್ನ ಭಾನುವಾರ ಯಾವುದೂ ಇದರಲ್ಲಿಲ್ಲ. ಹಾಂ, ಗೊಬ್ಬರ ಹೊಲಕ್ಕಾಯ್ತು. ನನ್ನ ಫೀಸಿನ ಎರಡನೇ ಕಂತು 26,000 ಇತ್ತು. ಹೊಸ ಕರುಗೆ ಎತ್ತಿಡಬೇಕಿದ್ದಿದ್ದು ಬೇರೆ. ಆ ಹದಿನೆಂಟು ಸಾವಿರ ಅಂದ್ರೆ ಏನು ಅಂತ ಅರ್ಥ ಆಯ್ತಲ್ಲ. ಅಮ್ಮ ಸಂಘದಲ್ಲಿ ಸಾಲ ತೆಗೆದ್ರು.

ನಮ್ಮನೇಲಿ ರಾಸು ಕೊಟ್ರೂ ಹಗ್ಗ ಕೊಡಲ್ಲ. ಅವರು ತಂದಿದ್ದ ಹೊಸ ಹಗ್ಗ ಹಾಕಿ, ಹಳೇದು ಬಿಚ್ಚಿ ನನ್ನ ಕೈಗೆ ಕೊಟ್ರು. ಲಾರಿ ಹತ್ತೋವಾಗ ದೊಡ್ಡ ಸೀದಾ ಹತ್ತಿದ. ಚಿಕ್ಕ ಹಲಗೆ ಮೇಲೆ ಕಾಲಿಟ್ಟು ನಿಂತು ಹಿಂದಕ್ಕೆ ನೋಡಿದ. ನಾನು ಹೋಗಿ ಬೆನ್ನು ತಟ್ಟಿ “ನಡಿ” ಅಂದೆ. ನನ್ನ ಮಾತು ಕೇಳಿ ಹತ್ತಿದ. ಈ ಸೀರೀಸ್ ಬರೆಯೋಕೆ ಇಷ್ಟು ತಿಂಗಳು ಹಿಡಿದಿದ್ದು ಇದೊಂದು ಸಾಲಿಗೆ.

7/7

ವಾಪಸ್ ಬರ್ತಾ ಟೆಂಪೋ ಹಿಂದೆ ಖಾಲಿ, ಬರೀ ಹುಲ್ಲಿನ ಚೂರು. ನೆಲಮಂಗಲ ದಾಟೋವರೆಗೂ ಅಪ್ಪ ಮಾತಾಡಲಿಲ್ಲ. ಬೈದಿದ್ರೆ ಚೆನ್ನಾಗಿರ್ತಿತ್ತು. ಆಮೇಲೆ ರೋಡ್ ನೋಡ್ಕೊಂಡೇ ಅಂದ್ರು: “ನಾನೇ ಹೇಳೋನಿದ್ದೆ. ನನಗಿಂತ ಮುಂಚೆ ಹೇಳ್ಬಿಟ್ಟೆ ನೀನು.”

ನಿಜವಾಗ್ಲೂ ಹೇಳ್ತಿದ್ರಾ? ಪಟ್ಟಿ ಒಂದು ತೂತು ಕೆಳಗೆ ಕಟ್ಟಿದ ಕೈ ಅದೇ. ನನಗೆ ಇವತ್ತಿಗೂ ಗೊತ್ತಿಲ್ಲ. ಕೇಳಿಲ್ಲ. ಕೇಳೋದೂ ಇಲ್ಲ.

ಸಂಕ್ರಾಂತಿ ದಿನ ಊರಲ್ಲಿ ಎಲ್ಲರೂ ದನ ತೊಳೆದು, ಸಂಜೆ ಕಿಚ್ಚು ಹಾಯಿಸಿದ್ರು. ನಮ್ಮ ಕೊಟ್ಟಿಗೇಲಿ ಮುದಿ ಹಸು ಒಂದೇ, ಅದನ್ನ ಬೆಂಕಿ ಹತ್ರ ಒಯ್ಯಲಿಲ್ಲ. ಎರಡು ಹಗ್ಗ ಗೂಟಕ್ಕೆ ನೇತಾಕಿದ್ವು. ಅವತ್ತು ಅತ್ತೆ. ಜಾತ್ರೇಲಿ ಅತ್ತಿರಲಿಲ್ಲ, ಹಾಗಾಗಿ ಯಾರ ರೀಲಲ್ಲೂ ಇಲ್ಲ. ಶಿವರಾತ್ರಿಗೆ ಹೊಸ ಕರು ಬಂದ್ವು, ಕೊನೇ ಫೋಟೋ ಅವೇ. ಹೆಸರು ಇನ್ನೂ ಇಟ್ಟಿಲ್ಲ, ನಿಮ್ಮ ಸಲಹೆ ಬೇಡ, ಹೋದ ಸಲ ನೀವೆಲ್ಲ ಹೀರೋಗಳ ಹೆಸರೇ ಕಳಿಸಿದ್ರಿ.

ಕಾರ ಹುಣ್ಣಿಮೆ ದಿನ ಬಳ್ಳಾರಿಯಿಂದ ವಿಡಿಯೋ ಕಾಲ್ ಬಂತು. ಅವರ ಕಡೆ ಎತ್ತಿಗೆ ಅದು ದೊಡ್ಡ ಹಬ್ಬ. ಕೊಂಬಿಗೆ ಬಣ್ಣ, ಮೈಮೇಲೆ ಜೂಲು, ಹಿಂದೆ ಹಲಗೆ ಸದ್ದು. ನಾನು “ಚಿಕ್ಕಾ” ಅಂತ ಕೂಗಿದೆ, ಎರಡು ಸಲ. ತಿರುಗಲಿಲ್ಲ. ಏನೋ ಮೆಲುಕು ಹಾಕ್ತಾ ನಿಂತಿದ್ದ, ಎಡಗಡೆಗೇ. ಯಜಮಾನರು ಫೋನನ್ನ ಕೊರಳ ಕೆಳಗೆ ಹಿಡಿದು ತೋರಿಸಿದ್ರು. ಕಲೆ ಹಾಗೇ ಇತ್ತು, ಜೊತ್ತಿಗೆಗೆ ಹತ್ತಿ ಬಟ್ಟೆ ಸುತ್ತಿದ್ರು. “ಉಜ್ಜಿಲ್ಲ ನೋಡವ್ವಾ” ಅಂದ್ರು.

ಅಪ್ಪ ನನ್ನ ಕೈಯಿಂದ ಫೋನ್ ಇಸ್ಕೊಂಡು ತುಂಬ ಹೊತ್ತು ನೋಡಿದ್ರು. ಕಾಲ್ ಕಟ್ಟಾದ ಮೇಲೆ ವಾಪಸ್ ಕೊಡ್ತಾ, “ಕೊಂಬಿಗೆ ಬಣ್ಣ ಸ್ವಲ್ಪ ಜಾಸ್ತಿ ಆಯ್ತು” ಅಂದ್ರು.