ಅಂಗಳದಲ್ಲಿ ಹೂವಿನ ಪಾತಿ

ಅಂಗಳಕ್ಕೆಲ್ಲ ಕಾಂಕ್ರೀಟ್ ಹಾಕಿಸಿದರೆ ನಿರ್ವಹಣೆ ಸುಲಭವೆಂದು ಮಕ್ಕಳು ಸೂಚಿಸಿದರು. ಮನೆಯಾಕೆ ಏನೂ ಹೇಳಲಿಲ್ಲ. ಮಂಡಿನೋವಿನಿಂದಾಗಿ ಆಕೆ ಬಾಗಿ ಹೂ ಬಿಡಿಸುವುದನ್ನು ನಿಲ್ಲಿಸಿ ಎರಡು ವರ್ಷಗಳಾಗಿದ್ದವು. ದೇವರ ಪೂಜೆಗೆ ಅಂಗಡಿಯ ಹೂವೇ ಗತಿಯಾಗಿತ್ತು.

ಆದುದರಿಂದ ನಾನು ಪಾತಿಗಳನ್ನೇ ಎತ್ತರಿಸಲು ನಿರ್ಧರಿಸಿದೆ. ಎರಡು ಅಡಿ ಎತ್ತರದ ಇಟ್ಟಿಗೆಯ ಕಟ್ಟೆ. ಎರಡೂ ಬದಿಗಳಿಂದ ಕೈ ಎಟುಕುವಂತೆ ನಾಲ್ಕೇ ಅಡಿ ಅಗಲ. ನೀರು ಬಸಿಯಲು ಬುಡದಲ್ಲಿ ರಂಧ್ರಗಳನ್ನು ಬಿಡಿಸಿ, ಕೆಮ್ಮಣ್ಣು, ಮರಳು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರಗಳನ್ನು ಬೆರೆಸಿ ತುಂಬಿಸಿದೆ. ಬಿಸಿಲಿಗೆ ಮಲ್ಲಿಗೆ, ಅರೆನೆರಳಿಗೆ ಕನಕಾಂಬರ. ಸೇವಂತಿಗೆ ಹಗಲು ಕಿರಿದಾದಾಗ ಮೊಗ್ಗು ಬಿಡುವ ಗಿಡ. ಅದಕ್ಕೆ ಬೀದಿದೀಪದ ಬೆಳಕು ತಾಕದ ಮೂಲೆ.

ಈಗ ಆಕೆ ಸ್ಟೂಲಿನ ಮೇಲೆ ಕುಳಿತೇ ಬುಟ್ಟಿ ತುಂಬಿಸುತ್ತಾಳೆ. ಹಿರಿಯರಿರುವ ನಿಮ್ಮ ಮನೆಗಳಲ್ಲಿಯೂ ಇದನ್ನು ಮಾಡಿ ನೋಡಿರಿ.