ಪೊಖರಾದಲ್ಲಿ ನೆಲೆಸಬಹುದೆ?

ನೌಕರಿಯ ನಿಮಿತ್ತ ನಾಡು ಬಿಟ್ಟು ಬಂದ ನಮ್ಮಂಥವರಿಗೆ ನಿವೃತ್ತಿಯ ದಿನ ಇತರರಿಗೆ ಬಂದಂತೆ ಬರುವುದಿಲ್ಲ. ಊರಿನಲ್ಲೇ ಇದ್ದವನು ನಿವೃತ್ತನಾದರೆ ಕಚೇರಿಯೊಂದನ್ನು ಬಿಡುತ್ತಾನೆ. ದೆಹಲಿಯ ಸರ್ಕಾರಿ ನೌಕರನು ಕಚೇರಿಯನ್ನು ಬಿಟ್ಟು, ಆರು ತಿಂಗಳೊಳಗೆ ಕ್ವಾರ್ಟರ್ಸನ್ನೂ ಬಿಡಬೇಕು. ಬಿಟ್ಟು ಹೋಗುವುದೆಲ್ಲಿಗೆ? ಊರಿನ ಮನೆ ಅಣ್ಣತಮ್ಮಂದಿರಲ್ಲಿ ಪಾಲಾಗಿರುತ್ತದೆ. ಬೆಂಗಳೂರಿನ ಬಾಡಿಗೆಯನ್ನು ಕೇಳಿದರೆ ಪಿಂಚಣಿ ನಡುಗುತ್ತದೆ. ದೆಹಲಿಯ ಚಳಿಗಾಲದ ಹೊಗೆಯೋ ಎಳೆಯರಿಗೇ ಒಗ್ಗದು, ವಯಸ್ಸಾದವರಿಗೆ ಒಗ್ಗೀತೆ? ಹೀಗಿರುವಾಗ ಯಾರಾದರೊಬ್ಬರು ‘ಹೊರದೇಶದಲ್ಲಿ ಅಗ್ಗವಾಗಿ ಬದುಕಬಹುದಂತೆ’ ಎಂದರೆ ಕಿವಿ ನಿಮಿರುವುದು ಸಹಜವೇ.

ನಮ್ಮ ಮಾವನವರ ಕಿವಿ ಹಾಗೆ ನಿಮಿರಿತು. ಅವರು ಕೇಂದ್ರ ಸರ್ಕಾರದ ಸೇವೆಯಿಂದ ನಿವೃತ್ತರಾಗಲು ಇನ್ನೊಂದು ವರ್ಷವಿತ್ತು. ಯೌವನದಲ್ಲಿ ಗೆಳೆಯರೊಡನೆ ಒಮ್ಮೆ ನೇಪಾಳದ ಪೊಖರಾಕ್ಕೆ ಹೋಗಿ ಬಂದವರು. ಆ ಊರು ಅಂದಿನಿಂದ ಅವರ ತಲೆಯಲ್ಲಿ ಮನೆ ಮಾಡಿಕೊಂಡಿದೆ. “ಅಳಿಯಂದಿರೇ, ಅಲ್ಲಿಗೆ ವೀಸಾ ಬೇಡ. ಕೆರೆಯ ದಡ, ಬೆಟ್ಟದ ಗಾಳಿ. ಪಿಂಚಣಿಯಲ್ಲಿ ಸುಖವಾಗಿರಬಹುದು. ನೀವಿಬ್ಬರೂ ಒಮ್ಮೆ ಹೋಗಿ ನೋಡಿಕೊಂಡು ಬನ್ನಿ” ಎಂದರು. ಅತ್ತೆಯವರು ಏನನ್ನೂ ಹೇಳಲಿಲ್ಲ. ಅವರ ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿ ಆಗ ಎರಡು ವರ್ಷವಾಗಿತ್ತು. ಅವರ ಮೌನವನ್ನೂ ಕಟ್ಟಿಕೊಂಡು, 2025ರ ನವೆಂಬರಿನಲ್ಲಿ ನಾವು ದಂಪತಿಗಳು ರಜೆ ಹಾಕಿ ಹೊರಟೆವು.

ದೆಹಲಿಯಿಂದ ಗೋರಖಪುರಕ್ಕೆ ರೈಲು. ಅಲ್ಲಿಂದ ಸುನೌಲಿಗೆ ಬಸ್ಸು. ಗಡಿಯ ಕಮಾನನ್ನು ನಡೆದೇ ದಾಟಿದೆವು. ದಾಟಿದೊಡನೆ ಗಡಿಯಾರವನ್ನು ಹದಿನೈದು ನಿಮಿಷ ಮುಂದಿಡಬೇಕು. ಕ್ಯಾಲೆಂಡರನ್ನೋ ಐವತ್ತೇಳು ವರ್ಷ! ಅಲ್ಲಿ ನಡೆಯುವುದು ವಿಕ್ರಮ ಸಂವತ್ಸರ. ನಾವು ಹೋದಾಗ 2082. ಭೈರಹವಾದಿಂದ ತಾನಸೇನ್ ಮಾರ್ಗವಾಗಿ ಜೀಪು ಬೆಟ್ಟ ಹತ್ತಿತು, ಇಳಿಯಿತು, ಮತ್ತೆ ಹತ್ತಿತು. ನಮ್ಮ ಆಗುಂಬೆಯ ತಿರುವುಗಳನ್ನು ಹತ್ತು ಸಲ ಒಂದರ ಹಿಂದೊಂದು ಜೋಡಿಸಿದರೆ ಹೇಗೋ ಹಾಗೆ. ನಮ್ಮ ಮನೆಯವರು ದಾರಿಯುದ್ದಕ್ಕೂ ನಿಂಬೆಹಣ್ಣನ್ನು ಮೂಗಿನಿಂದ ಇಳಿಸಲಿಲ್ಲ.

ಆದರೆ ಮರುದಿನ ಬೆಳಗ್ಗೆ ಫೇವಾ ಸರೋವರದ ದಡದಲ್ಲಿ ನಿಂತಾಗ ಮಾವನವರ ಹುಚ್ಚು ನಮಗೂ ಅರ್ಥವಾಯಿತು. ಊರು ಇರುವುದು ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಎತ್ತರದಲ್ಲಿ, ಆದ್ದರಿಂದ ಕೊರೆಯುವ ಚಳಿಯಿಲ್ಲ. ತಲೆಯೆತ್ತಿದರೆ ಮಾತ್ರ 6,993 ಮೀಟರಿನ ಮಚ್ಛಾಪುಛ್ರೆ ಶಿಖರ, ಅದರ ಬದಿಗೆ ಅನ್ನಪೂರ್ಣಾ ಸಾಲು. ಮೀನಿನ ಬಾಲದಂತಿರುವ ಆ ಶಿಖರವನ್ನು ಪವಿತ್ರವೆಂದು ಬಗೆದು ಯಾರಿಗೂ ಹತ್ತಗೊಡುವುದಿಲ್ಲ. ಸರೋವರದ ನಡುವಿನ ದ್ವೀಪದಲ್ಲಿ ತಾಲ್ ಬಾರಾಹಿ ದೇವಿಯ ಗುಡಿ. ದೋಣಿಯಲ್ಲಿ ಹೋಗಿ ದೇವಿಗೆ ಕೈ ಮುಗಿದು ಬಂದೆವು. ಬೇಳೆ, ಅನ್ನ, ಪಲ್ಯದ ಊಟ, ಮಜ್ಜಿಗೆಯೂ ಸಿಕ್ಕಿತು. ಇನ್ನೇನು ಬೇಕು ಎನ್ನಿಸಿತು.

ಅನ್ನಿಸಿದ್ದನ್ನು ಬದಿಗಿಟ್ಟು, ಕಚೇರಿಯ ಅಭ್ಯಾಸದಂತೆ ಒಂದು ಹಾಳೆಯಲ್ಲಿ ಗೆರೆ ಎಳೆದು ಅನುಕೂಲ ಒಂದು ಕಡೆ, ಅಪಾಯ ಒಂದು ಕಡೆ ಬರೆಯತೊಡಗಿದೆವು.

ಮೊದಲು ಅನುಕೂಲ. 1950ರ ಜುಲೈ 31ರಂದು ಭಾರತ ಮತ್ತು ನೇಪಾಳ ಮಾಡಿಕೊಂಡ ಒಪ್ಪಂದದಂತೆ ನಮ್ಮವರು ಅಲ್ಲಿ, ಅವರು ಇಲ್ಲಿ ವೀಸಾ ಇಲ್ಲದೆ ವಾಸಿಸಬಹುದು. ಪಾಸ್‌ಪೋರ್ಟ್ ಇಲ್ಲದಿದ್ದರೆ ಮತದಾರರ ಗುರುತಿನ ಚೀಟಿ ಸಾಕು. ಹಣದ ಲೆಕ್ಕವೂ ಸುಲಭ: 1993ರಿಂದ ನಮ್ಮ ನೂರು ರೂಪಾಯಿಗೆ ಅಲ್ಲಿಯ ನೂರರವತ್ತು ಎಂದು ದರವನ್ನು ಕಟ್ಟಿಹಾಕಿದ್ದಾರೆ. ಇಲ್ಲಿಯ ಬ್ಯಾಂಕಿನಿಂದ ಅಲ್ಲಿಗೆ ಹಣ ಕಳಿಸಲು ರಿಸರ್ವ್ ಬ್ಯಾಂಕು 2008ರಲ್ಲೇ ಏರ್ಪಾಡು ಮಾಡಿದೆ. 2021ರಲ್ಲಿ ಮಿತಿಯನ್ನು ಒಂದು ಸಲಕ್ಕೆ 2 ಲಕ್ಷಕ್ಕೆ ಏರಿಸಿತು. ಕೆರೆಯಿಂದ ಎರಡು ಬೀದಿ ಹಿಂದೆ, ಎರಡು ಕೋಣೆ, ಅಡಿಗೆಮನೆ, ಬಿಸಿಲುಮಚ್ಚು ಇರುವ ಮನೆಗೆ ಒಡತಿ ಕೇಳಿದ ಬಾಡಿಗೆ ಅವರ 24,000, ಎಂದರೆ ನಮ್ಮ 15,000 ರೂಪಾಯಿ.

ಪಿಂಚಣಿಯೆಂದರೆ ಏನೆಂದು ಆ ಊರಿಗೆ ಹೇಳಿಕೊಡಬೇಕಾಗಿಲ್ಲ. ನಮ್ಮ ಸೈನ್ಯದ ಗೂರ್ಖಾ ನಿವೃತ್ತರಿಗಾಗಿ ಭಾರತ ಸರ್ಕಾರದ ಪಿಂಚಣಿ ಪಾವತಿ ಕಚೇರಿಯೇ ಪೊಖರಾದಲ್ಲಿದೆ. ಚಹದ ಅಂಗಡಿಯಲ್ಲಿ ಪರಿಚಯವಾದ ಹಿರಿಯ ಹವಾಲ್ದಾರರೊಬ್ಬರು ಬೆಳಗಾವಿಯ ಸೈನಿಕ ಆಸ್ಪತ್ರೆಯಲ್ಲಿ ತಿಂಗಳುಗಟ್ಟಲೆ ಮಲಗಿದ್ದವರಂತೆ. “ಊಟ ಆಯ್ತಾ?” ಎಂಬ ಒಂದೇ ಕನ್ನಡದ ಮಾತು ಅವರಲ್ಲಿ ಉಳಿದಿತ್ತು; ಅದನ್ನು ನಮಗೆ ಮೂರು ಸಲ ಕೇಳಿದರು.

ಕನ್ನಡದ ನಂಟು ಇನ್ನೂ ಹಳೆಯದುಂಟು. ಕಾಠ್ಮಂಡುವಿನ ಪಶುಪತಿನಾಥನನ್ನು ಮುಟ್ಟಿ ಪೂಜಿಸುವ ಭಟ್ಟರು ನಮ್ಮ ಕರಾವಳಿಯಿಂದ ಹೋದವರೆಂಬುದು ಓದುಗರಿಗೆ ತಿಳಿದದ್ದೇ. ಆದರೆ ಆ ಕಥೆಯಲ್ಲಿ ಒಂದು ಪಾಠವೂ ಇದೆ. 2008ರ ಮೇ 28ರಂದು ರಾಜತ್ವ ಹೋಗಿ ಗಣರಾಜ್ಯ ಬಂತು. ಅದೇ ವರ್ಷದ ಕೊನೆಗೆ ಹೊಸ ಸರ್ಕಾರ ನಮ್ಮ ಭಟ್ಟರ ಬದಲಿಗೆ ನೇಪಾಳದವರನ್ನು ನೇಮಿಸಹೊರಟಿತು. ಪ್ರತಿಭಟನೆಯಾಗಿ ಆಜ್ಞೆ ಹಿಂದಕ್ಕೆ ಹೋಯಿತು. ಶತಮಾನಗಳ ಸೇವೆಯಿದ್ದವರಿಗೂ ಒಂದು ದಿನ ‘ನೀವು ಹೊರಗಿನವರು’ ಎಂಬ ಮಾತು ಬಂತೆಂದರೆ, ನಿನ್ನೆ ಬಾಡಿಗೆಗೆ ಬಂದವರ ಗತಿಯೇನು?

ಇಲ್ಲಿಂದ ಎರಡನೆಯ ಕಾಲಮು ತುಂಬತೊಡಗಿತು. 2015ರ ಏಪ್ರಿಲ್ 25ರ ಭೂಕಂಪ ಸುಮಾರು ಒಂಬತ್ತು ಸಾವಿರ ಜನರನ್ನು ಬಲಿ ತೆಗೆದುಕೊಂಡಿತು. ಅದರ ಕೇಂದ್ರ ಪೊಖರಾಕ್ಕೆ ಬಹಳ ದೂರವಲ್ಲದ ಗೋರ್ಖಾ ಜಿಲ್ಲೆಯಲ್ಲೇ ಇದ್ದರೂ ಪೊಖರಾಕ್ಕೆ ಹೆಚ್ಚು ಹಾನಿಯಾಗಲಿಲ್ಲ. ಮಾವನವರು ಇದನ್ನೇ ಹಿಡಿದು ‘ಭದ್ರವಾದ ಊರು’ ಎನ್ನುತ್ತಾರೆ. ಭೂವಿಜ್ಞಾನಿಗಳು ಹೇಳುವುದು ಬೇರೆ: ನೇಪಾಳದ ಪಶ್ಚಿಮ ಭಾಗದಲ್ಲಿ 1505ರ ನಂತರ ಮಹಾಕಂಪವಾಗಿಲ್ಲ, ಅಲ್ಲಿ ಒತ್ತಡ ಕೂಡುತ್ತಲೇ ಇದೆ.

ಎರಡನೆಯದು ದಾರಿ. 2024ರ ಜುಲೈ 12ರಂದು ಭೂಕುಸಿತಕ್ಕೆ ಸಿಕ್ಕಿ ಎರಡು ಬಸ್ಸುಗಳು ತ್ರಿಶೂಲಿ ನದಿಯ ಪಾಲಾದುವು. ಮರುತಿಂಗಳು ಪೊಖರಾದಿಂದ ಕಾಠ್ಮಂಡುವಿಗೆ ಹೊರಟ ಭಾರತದ ಬಸ್ಸು ಮರ್ಸ್ಯಾಂಗ್ದಿ ನದಿಗೆ ಉರುಳಿ, ಮಹಾರಾಷ್ಟ್ರದ ಯಾತ್ರಿಕರೂ ಸೇರಿ 27 ಜನ ತೀರಿಕೊಂಡರು. ವಿಮಾನವೆಂದರೆ, 2023ರ ಜನವರಿ 1ರಂದು ಪೊಖರಾದ ಹೊಸ ನಿಲ್ದಾಣ ತೆರೆಯಿತು. ಅದೇ 15ರಂದು ಇಳಿಯುತ್ತಿದ್ದ ವಿಮಾನ ಬಿದ್ದು ಒಳಗಿದ್ದ 72 ಜನರಲ್ಲಿ ಒಬ್ಬರೂ ಉಳಿಯಲಿಲ್ಲ.

ಮೂರನೆಯದು ರಾಜಕೀಯ. 2015ರಲ್ಲಿ ಹೊಸ ಸಂವಿಧಾನ ಬಂದಾಗ ಗಡಿಯಲ್ಲಿ ಸರಕು ನಿಂತು, ತಿಂಗಳುಗಟ್ಟಲೆ ಅಡಿಗೆಯ ಗ್ಯಾಸಿಗೂ ಪೆಟ್ರೋಲಿಗೂ ಹಾಹಾಕಾರವಾಯಿತು. ನಮ್ಮ ಮನೆಯೊಡತಿ ಆಗ ಮಹಡಿಯ ಮೇಲೆ ಸೌದೆ ಉರಿಸಿ ಅಡಿಗೆ ಮಾಡಿದ ಜಾಗವನ್ನು ತೋರಿಸಿದಳು. ಆಗ ಭಾರತದವರ ಮೇಲೆ ಜನಕ್ಕೆ ಸಿಟ್ಟಿತ್ತೆಂಬುದನ್ನೂ ಮುಚ್ಚಿಡಲಿಲ್ಲ. ನಾವು ಹೋಗುವುದಕ್ಕೆ ಎರಡೇ ತಿಂಗಳ ಹಿಂದೆ, 2025ರ ಸೆಪ್ಟೆಂಬರ್ 8, 9ರಂದು ತರುಣರ ಚಳುವಳಿ ಭುಗಿಲೆದ್ದು, ಸಂಸತ್ತೂ ಸಿಂಹ ದರ್ಬಾರೂ ಸುಟ್ಟು, ಎಪ್ಪತ್ತಕ್ಕೂ ಹೆಚ್ಚು ಜನ ಸತ್ತು, ಪ್ರಧಾನಿ ರಾಜೀನಾಮೆ ಕೊಟ್ಟರು. ಕಾಠ್ಮಂಡುವಿನ ವಿಮಾನ ನಿಲ್ದಾಣವನ್ನು ಮುಚ್ಚಿದರು. ಅಂಥ ದಿನ ಅತ್ತೆಯವರಿಗೆ ಎದೆನೋವು ಬಂದರೆ?

ಈ ಪ್ರಶ್ನೆಯೇ ನಮ್ಮನ್ನು ಆಸ್ಪತ್ರೆಗೆ ಕರೆದೊಯ್ದಿತು. ನಮ್ಮ ಮಣಿಪಾಲದವರು 1994ರಲ್ಲಿ ಪೊಖರಾದಲ್ಲಿ ವೈದ್ಯಕೀಯ ಕಾಲೇಜನ್ನು ಸ್ಥಾಪಿಸಿದ್ದಾರೆ; ಅದರ ಆಸ್ಪತ್ರೆ ದೊಡ್ಡದು. ಬಾಗಿಲ ಮೇಲೆ ಆ ಹೆಸರನ್ನು ಕಂಡು ಮನೆಯವರ ಮುಖ ಅರಳಿತು. ಆದರೂ ಕಾಠ್ಮಂಡುವಿಗೆ ಒಯ್ಯಬೇಕಾದ ಪ್ರಸಂಗ ಬಂದರೆ 200 ಕಿಲೋಮೀಟರ್ ಬೆಟ್ಟದ ದಾರಿ, ಇಲ್ಲವೆ ಮೋಡ ಬಿಟ್ಟುಕೊಟ್ಟರೆ ವಿಮಾನ. ಇನ್ನೊಂದು ಮಾತು: ದೆಹಲಿಯಲ್ಲಿ ನಮ್ಮೆಲ್ಲರ ಆಧಾರವಾದ ಸಿ.ಜಿ.ಎಚ್.ಎಸ್. ದವಾಖಾನೆ ನೇಪಾಳದಲ್ಲಿ ಇಲ್ಲ. ಅರವತ್ತೈದು ದಾಟಿದವರು ಆ ಕಾರ್ಡನ್ನೇ ಗುರುತಿಗೆ ತೋರಿಸಿ ಗಡಿ ದಾಟಬಹುದು. ದಾಟಿದ ಮೇಲೆ ಅದರಿಂದ ಒಂದು ಮಾತ್ರೆಯೂ ಹುಟ್ಟುವುದಿಲ್ಲ!

ಕೊನೆಯದು ಮನೆ. ಒಪ್ಪಂದದಲ್ಲಿ ಆಸ್ತಿಯ ಮಾತಿದ್ದರೂ, ನೇಪಾಳದ ಕಾನೂನು ಪರದೇಶದವರಿಗೆ ಭೂಮಿ ಕೊಳ್ಳಗೊಡುವುದಿಲ್ಲ. ಸ್ಥಳೀಯರ ಹೆಸರಿನಲ್ಲಿ ಕೊಂಡುಕೊಳ್ಳಿರೆಂದು ಪಿಸುಗುಟ್ಟುವವರು ಸಿಗುತ್ತಾರೆ. ಗ್ರಾಚ್ಯುಯಿಟಿಯ ಹಣವನ್ನು ಇನ್ನೊಬ್ಬರ ಹೆಸರಿಗೆ ಬರೆದು ನಿದ್ದೆ ಮಾಡುವುದು ಹೇಗೆ? ಕೊನೆಯವರೆಗೂ ಬಾಡಿಗೆಯೇ ಗತಿ.

ದೆಹಲಿಗೆ ಬಂದು ಹಾಳೆಯನ್ನು ಮಾವನವರ ಮುಂದಿಟ್ಟೆವು. ಅವರು ಕನ್ನಡಕ ಏರಿಸಿ ಎರಡು ಸಲ ಓದಿ, “ಅಪಾಯ ಎಲ್ಲಿಲ್ಲ? ಈ ಊರಿನ ಗಾಳಿಯೇ ವಿಷ” ಎಂದರು. ಅದೂ ನಿಜವೇ. ಆಗ ನಮ್ಮ ಮನೆಯವರು, “ಅಪ್ಪಾ, ಅಮ್ಮನನ್ನು ಒಂದು ಮಾತು ಕೇಳಿದ್ದೀರಾ?” ಎಂದರು. ಅತ್ತೆಯವರು ಸೊಪ್ಪು ಬಿಡಿಸುತ್ತಲೇ ಹೇಳಿದರು: “ನೋಡುವುದಕ್ಕೆ ಎಷ್ಟು ದಿನ ಬೇಕಾದರೂ ಬರುತ್ತೇನೆ. ಕಾಯಿಲೆ ಬಿದ್ದರೆ ಮಾತ್ರ, ಎಲ್ಲಿ ನೋಯುತ್ತದೆಂದು ನನ್ನ ಮಾತಿನಲ್ಲಿ ಹೇಳಿಕೊಳ್ಳುವಂಥ ಊರಿರಲಿ. ಮೂವತ್ತೈದು ವರ್ಷ ಹಿಂದಿಯಲ್ಲಿ ಹೇಳಿದ್ದು ಸಾಕು.”

ಮಾವನವರು ಬಹಳ ಹೊತ್ತು ಮಾತಾಡಲಿಲ್ಲ. ಕೊನೆಗೆ ಆದ ತೀರ್ಮಾನ ಇದು: ಶಿವಮೊಗ್ಗದಲ್ಲಿ, ಆಸ್ಪತ್ರೆಗೆ ಹತ್ತಿರವಾಗಿ, ಕೆಳಗಿನ ಅಂತಸ್ತಿನ ಒಂದು ಸಣ್ಣ ಮನೆ. ಮಳೆ ನಿಂತ ಮೇಲೆ, ಪ್ರತಿ ವರ್ಷ ಅಕ್ಟೋಬರಿನ ನಡುವಿನಿಂದ ಆರು ವಾರ ಪೊಖರಾದಲ್ಲಿ ಬಾಡಿಗೆ ಬಿಡಾರ. ನವೆಂಬರ್ ಮುಗಿಯುವುದರೊಳಗೆ ಹಿಂದಿರುಗಿ, ಬ್ಯಾಂಕಿನಲ್ಲಿ ಜೀವಂತ ಪ್ರಮಾಣಪತ್ರ ಕೊಡುವುದು.

ಇಂಥ ಯೋಚನೆಯಿರುವ ಬಂಧುಗಳಲ್ಲಿ ನಮ್ಮ ವಿನಂತಿ ಇಷ್ಟೆ. ಚೆಲುವಾದ ತಿಂಗಳಿನಲ್ಲಿ ನೋಡಿ ಬಂದು ಒಪ್ಪಿಕೊಳ್ಳಬೇಡಿ. ಆಷಾಢದ ಮಳೆಯಲ್ಲೂ ಒಂದು ವಾರ ಇದ್ದು ನೋಡಿ. ಹತ್ತಿರದ ಆಸ್ಪತ್ರೆಯಲ್ಲಿ ನಿಮ್ಮ ಕಾಯಿಲೆಯ ಹೆಸರು ಹೇಳಿ ವಿಚಾರಿಸಿ. ದಾರಿಯೂ ನಿಲ್ದಾಣವೂ ಮುಚ್ಚಿದರೆ ಒಂದು ತಿಂಗಳಿಗಾಗುವಷ್ಟು ಔಷಧಿ, ಹಣ ಕೈಯಲ್ಲಿರುವುದೇ ಎಂದು ಲೆಕ್ಕ ಹಾಕಿ. ಇವೆಲ್ಲಕ್ಕೂ ಮೊದಲು, ಅಡಿಗೆಮನೆಯಲ್ಲಿ ಸುಮ್ಮನಿರುವವರನ್ನು ಕರೆದು ಕೂರಿಸಿ ಕೇಳಿ.